ಅಡಿಯ ಪದರವೇ ಶಿಖರವಾದ ದ್ವೀಪ

ಪರದೆಯ ಮೇಲೆ ಕಾಣ್ತಿರೋದು ಗ್ರೀಸ್ ದೇಶದ ಕ್ರೀಟ್ ದ್ವೀಪದ ದಕ್ಷಿಣ ಕರಾವಳಿ. ಊರಿನ ಹೆಸರು ಆಗಿಯೋಸ್ ಪಾವ್ಲೋಸ್. ಕಡಲಂಚಿನ ಈ ಬಂಡೆಯನ್ನ ಸ್ವಲ್ಪ ಹೊತ್ತು ನೋಡಿ. ತೆಳ್ಳನೆಯ ಸುಣ್ಣಕಲ್ಲಿನ ಪದರಗಳು, ನಡುನಡುವೆ ಚರ್ಟ್ ಅನ್ನೋ ಗಡುಸು ಕಲ್ಲಿನ ಪಟ್ಟಿಗಳು. ಎಲ್ಲವೂ ಹಿಂದಕ್ಕೂ ಮುಂದಕ್ಕೂ ಮಡಚಿಕೊಂಡು ಬಿದ್ದಿವೆ. ಮೇಲ್ಮೈಯಲ್ಲಿರೋ ತಣ್ಣನೆಯ ಕಲ್ಲನ್ನ ಹೀಗೆ ಬಗ್ಗಿಸೋಕೆ ಹೋದ್ರೆ ಅದು ಒಡೆಯುತ್ತೆ. ಇದು ಬಗ್ಗಿರೋದು ನೆಲದ ಆಳದಲ್ಲಿ, ಕಾವು ಮತ್ತು ಒತ್ತಡದ ನಡುವೆ.

ಅಷ್ಟು ಆಳಕ್ಕೆ ಹೋಗಿದ್ದು ಹೇಗೆ? ಆಫ್ರಿಕಾ ಭೂಫಲಕ ಉತ್ತರಕ್ಕೆ ಸರಿಯುತ್ತಾ ಏಜಿಯನ್ ಪ್ರದೇಶದ ಅಡಿಗೆ ಇಳಿಯುತ್ತಿದೆ. ಆ ನೂಕಾಟದಲ್ಲಿ ಕಡಲತಳದ ಕಲ್ಲಿನ ಪದರಗಳು ತಳ ಬಿಟ್ಟು ಕಿತ್ತುಬಂದವು. ಇಸ್ಪೀಟ್ ಎಲೆಗಳನ್ನ ಸಾಲಾಗಿ ನೆಲದ ಮೇಲಿಟ್ಟು ಒಂದು ಕಡೆಯಿಂದ ತಳ್ಳಿ ನೋಡಿ, ಒಂದು ಇನ್ನೊಂದರ ಮೈಮೇಲೆ ಹತ್ತಿ ಕೂರುತ್ತೆ. ಹಾಗೆ ದೂರದಿಂದ ಬಂದು ಮತ್ತೊಂದರ ಮೇಲೆ ಕೂತ ಕಲ್ಲಿನ ಹಾಳೆಗೆ ಭೂವಿಜ್ಞಾನಿಗಳು ನಾಪ್ ಅಂತಾರೆ. ಅದು ಜಾರಿಬಂದ ಓರೆಯ ಬಿರುಕು ಥ್ರಸ್ಟ್ ಸ್ತರಭಂಗ.

ಕ್ರೀಟ್‌ನಲ್ಲಿ ಎಲ್ಲಕ್ಕಿಂತ ಕೆಳಗಿರೋದು ಪ್ಲಾಟೆನ್‌ಕಾಲ್ಕ್, ಅಂದ್ರೆ ಈಗ ನೋಡಿದ ಮಡಿಕೆಯ ಸುಣ್ಣಕಲ್ಲು. ಅದರ ಮೇಲೆ ನೇರಳೆ, ಹಸಿರು, ಬೂದುಬಣ್ಣದ ಫಿಲೈಟ್ ಮತ್ತು ಕ್ವಾರ್ಟ್ಜೈಟ್. ಅದಕ್ಕೂ ಮೇಲೆ ತ್ರಿಪೋಲಿತ್ಸಾ ಸುಣ್ಣಕಲ್ಲು, ಆಮೇಲೆ ಪಿಂಡೋಸ್ ಅನ್ನೋ ನಾಪ್. ಎಲ್ಲದರ ತುದಿಗೆ, ಅಲ್ಲಲ್ಲಿ, ಹಳೆಯ ಸಾಗರತಳದ ಚೂರುಗಳೂ ಉಳಿದಿವೆ.

ಮಾಮೂಲಿ ಲೆಕ್ಕದಲ್ಲಿ ಮೊದಲು ಬಿದ್ದ ಪದರ ಕೆಳಗೆ, ಆಮೇಲೆ ಬಿದ್ದದ್ದು ಮೇಲೆ. ಇಲ್ಲಿ ಆ ಲೆಕ್ಕ ತಲೆಕೆಳಗು. ಫಿಲೈಟ್ ಆದ ಕೆಸರು ಶೇಖರವಾಗಿದ್ದು 20 ಕೋಟಿ ವರ್ಷಗಳಿಗೂ ಹಿಂದೆ. ಅದರ ಅಡಿಗಿರೋ ಪ್ಲಾಟೆನ್‌ಕಾಲ್ಕ್‌ನ ಮೇಲ್ಭಾಗಕ್ಕೆ ವಯಸ್ಸು ಸುಮಾರು 3 ಕೋಟಿ ವರ್ಷ. ಮುದಿ ಕಲ್ಲು ಎಳೆಯ ಕಲ್ಲಿನ ಹೆಗಲೇರಿದೆ. ಥ್ರಸ್ಟ್ ನಡೆದಿದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆದ್ರೆ ಕ್ರೀಟ್ ನನ್ನನ್ನ ಹಿಡಿದು ನಿಲ್ಲಿಸೋದು ಇದರ ಮೇಲಿನ ಗೆರೆಯಲ್ಲಿ, ಫಿಲೈಟ್ ಮತ್ತು ತ್ರಿಪೋಲಿತ್ಸಾ ಸೇರೋ ಕಡೆ. ಫಿಲೈಟ್‌ನಲ್ಲಿ ಕಾರ್ಫೋಲೈಟ್ ಅನ್ನೋ ಖನಿಜ ಸಿಗುತ್ತೆ. ಒತ್ತಡ ಬಹಳ ಇದ್ದು ಕಾವು ಅಷ್ಟಾಗಿ ಇಲ್ಲದ ಕಡೆ ಹುಟ್ಟೋ ಖನಿಜ ಇದು. ಪಶ್ಚಿಮ ಕ್ರೀಟ್‌ನ ಈ ಕಲ್ಲುಗಳು ಸುಮಾರು 400 ಡಿಗ್ರಿ ಸೆಲ್ಸಿಯಸ್ ಕಾವು, 30 ಕಿಲೋಮೀಟರ್‌ಗೂ ಹೆಚ್ಚಿನ ಆಳ ಎರಡನ್ನೂ ಕಂಡು ಬಂದಿವೆ. ಅವುಗಳ ತಲೆಯ ಮೇಲೇ ಕೂತಿರೋ ತ್ರಿಪೋಲಿತ್ಸಾ ಮಾತ್ರ ಅಂಥ ಆಳವನ್ನ ಕಂಡೇ ಇಲ್ಲ. ಹಾಗಾದ್ರೆ ನಡುವೆ ಇರಬೇಕಾಗಿದ್ದ ಎಷ್ಟೋ ಕಿಲೋಮೀಟರ್ ದಪ್ಪದ ಕಲ್ಲು ಎಲ್ಲಿ ಹೋಯ್ತು?

ಥ್ರಸ್ಟ್ ಕಲ್ಲಿನ ರಾಶಿಯನ್ನ ದಪ್ಪ ಮಾಡುತ್ತೆ, ತೆಳುವಾಗಿಸೋದಿಲ್ಲ. ನಡುವಿನ ಭಾಗ ಕಾಣೆಯಾಗಿದೆ ಅಂದ್ರೆ ಅಲ್ಲಿ ಎಳೆತ ಆಗಿದೆ. ಚಾರಲಂಬೋಸ್ ಫಸೂಲಾಸ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಮುಂದಿಟ್ಟಿತು: ನಾಪ್‌ಗಳು ಪೇರಿಸಿಕೊಂಡ ಮೇಲೆ ಇಡೀ ಪ್ರದೇಶ ಹಿಗ್ಗಿತು, ಮೇಲಿನ ಹಾಳೆಗಳು ಜಾರಿ ದೂರ ಸರಿದವು, ಅಡಿಯಲ್ಲಿದ್ದ ಕಲ್ಲು ಮೇಲೆದ್ದು ಬಂತು. ಇಳಿದು ಬೆಂದ ಆ ಕಲ್ಲು ಮೇಲೆ ಬಂದದ್ದು ಕೆಲವೇ ದಶಲಕ್ಷ ವರ್ಷಗಳಲ್ಲಿ. ಭೂಮಿಯ ಲೆಕ್ಕದಲ್ಲಿ ಇದು ಭಾರೀ ಅವಸರ.

ಇದರ ಫಲ ಏನು ಗೊತ್ತಾ? ದ್ವೀಪದ ಅತಿ ಎತ್ತರದ ಬೆಟ್ಟ ಸಿಲೋರಿಟಿಸ್, 2,456 ಮೀಟರ್. ಪುರಾಣದ ಇಡಾ ಪರ್ವತ ಅದೇ. ಅದರ ನೆತ್ತಿಯಲ್ಲಿರೋ ಕಲ್ಲು ಪ್ಲಾಟೆನ್‌ಕಾಲ್ಕ್. ರಾಶಿಯ ಕಟ್ಟಕಡೆಯ ಪದರ ಶಿಖರ ಆಗಿದೆ! ಈ ಬೆಟ್ಟದ ಸುತ್ತಲಿನ ಪ್ರದೇಶ ಇವತ್ತು ಯುನೆಸ್ಕೋ ಜಿಯೋಪಾರ್ಕ್.

ಕಲ್ಲಿನ ಪಾಠ ಗೊತ್ತಿಲ್ಲದವರಿಗೂ ನಾಪ್‌ಗಳ ನಡುವಿನ ಈ ಗೆರೆಗಳನ್ನ ಗುರುತಿಸೋ ದಾರಿ ಇದೆ. ಸುಣ್ಣಕಲ್ಲು ಮಳೆನೀರನ್ನ ಒಳಗೆಳೆದುಕೊಂಡು ಮೇಲೆ ಬೋಳಾಗಿ ಉಳಿಯುತ್ತೆ. ಫಿಲೈಟ್ ನೀರನ್ನ ಸುಲಭಕ್ಕೆ ಕೆಳಗೆ ಬಿಡೋದಿಲ್ಲ. ಹಾಗಾಗಿ ಎರಡೂ ಸೇರೋ ಕಡೆ ಊಟೆಗಳು ಚಿಮ್ಮುತ್ತವೆ, ಹಸಿರು ದಟ್ಟವಾಗುತ್ತೆ. ಪಶ್ಚಿಮದ ಎಲೋಸ್ ಊರಿನ ಸುತ್ತ ಚೆಸ್ಟ್‌ನಟ್ ತೋಪುಗಳು ಬೆಳೆದಿರೋದು ಈ ಫಿಲೈಟ್ ಸೀಮೆಯ ಮಣ್ಣಲ್ಲೇ. ಕಾರಿನಲ್ಲಿ ಹೋಗುವಾಗ ಬೂದುಬಣ್ಣದ ಬೋಳು ಇಳಿಜಾರು ಮುಗಿದು ಇದ್ದಕ್ಕಿದ್ದ ಹಾಗೆ ಮರಗಳು ಶುರುವಾದ್ರೆ, ಗಾಡಿ ನಿಲ್ಲಿಸಿ ರಸ್ತೆ ಬದಿಯಲ್ಲಿ ಕಡಿದ ಗುಡ್ಡದ ಮೈ ನೋಡಿ. ನೀವು ಒಂದು ನಾಪ್ ದಾಟಿ ಇನ್ನೊಂದಕ್ಕೆ ಬಂದಿರೋ ಸಾಧ್ಯತೆ ಹೆಚ್ಚು.