ಪಾಡ್‌ಕಾಸ್ಟ್ ಬರಹ: ದ್ವಾರಕಾದ ಆಂಟಿ, ಎರಡು ಲೋಟ ಕಾಫಿ ಮತ್ತು ನನ್ನ ಮಿಷನ್ ದಿನಗಳು

ಬಸ್ಸಲ್ಲೋ ಮೆಟ್ರೋದಲ್ಲೋ ನಿಂತ್ಕೊಂಡು ಇದನ್ನ ಕೇಳ್ತಿರೋರಿಗೆ ಮೊದಲು ಒಂದು ಪ್ರಶ್ನೆ. ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ನೇಮ್ ಟ್ಯಾಗ್ ಹಾಕ್ಕೊಂಡು ಇಬ್ಬಿಬ್ಬರಾಗಿ ಓಡಾಡೋ ಹುಡುಗರನ್ನ ನೋಡಿದ್ದೀರಾ? ಬೆಂಗಳೂರಲ್ಲೂ ಇದ್ದಾರೆ. ತುಂಬಾ ಜನ ಸೇಲ್ಸ್‌ನವರು ಅಂದ್ಕೋತಾರೆ. ದೆಹಲಿ ಮೆಟ್ರೋದಲ್ಲಿ ಒಬ್ಬರು ನನ್ನನ್ನ ಬ್ಯಾಂಕಿನವನು ಅಂತ ತಿಳ್ಕೊಂಡು ಪರ್ಸನಲ್ ಲೋನಿಗೆ ಬಡ್ಡಿ ಎಷ್ಟು ಅಂತ ಕೇಳಿದ್ರು.

ನಾನು ಎರಡು ವರ್ಷ ಆ ಟ್ಯಾಗ್ ಹಾಕ್ಕೊಂಡಿದ್ದೆ. ಜನ ನಮ್ಮನ್ನ ಮಾರ್ಮನ್ನರು ಅಂತಾರೆ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ ಸಭೆ ಇದು. 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಅವರು ಆ ಅಡ್ಡಹೆಸರು ಬೇಡ, ಪೂರ್ತಿ ಹೆಸರೇ ಹೇಳಿ ಅಂದ್ರು. ಪೂರ್ತಿ ಹೆಸರು 'ಅಂತ್ಯದಿನಗಳ ಸಂತರ ಯೇಸು ಕ್ರಿಸ್ತನ ಸಭೆ'. ನೀವೇ ಹೇಳಿ, ಆಟೋದವರಿಗೆ ಇದನ್ನ ಹೇಳಿ ಮುಗಿಸೋ ಹೊತ್ತಿಗೆ ಸ್ಟಾಪೇ ದಾಟಿ ಹೋಗಿರುತ್ತೆ.

ನಮ್ಮಲ್ಲಿ ಹುಡುಗರು 18 ತುಂಬಿದ ಮೇಲೆ 24 ತಿಂಗಳ ಮಿಷನ್‌ಗೆ ಹೋಗಬಹುದು, ಹುಡುಗಿಯರಿಗೆ 18 ತಿಂಗಳು. ಊರು ನಾವು ಆರಿಸ್ಕೊಳ್ಳೋ ಹಾಗಿಲ್ಲ. ಬೆಂಗಳೂರಿನವನಾದ ನನಗೆ ದೆಹಲಿ ಬಂತು. ನೆಂಟರು ಕೇಳಿದ ಮೊದಲ ಪ್ರಶ್ನೆ, 'ಸಂಬಳ ಎಷ್ಟು ಕೊಡ್ತಾರೆ?' ಸಂಬಳ ಇಲ್ಲ. ಖರ್ಚು ನಮ್ಮದು, ನಮ್ಮ ಮನೆಯವರದು, ಆಗದೇ ಇರೋರಿಗೆ ಸಭೆಯ ನಿಧಿಯಿಂದ ಸಹಾಯ. ನಾನು ಪಿಯುಸಿ ಮುಗಿಸಿ ಒಂದು ವರ್ಷ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿ ದುಡ್ಡು ಕೂಡಿಟ್ಟೆ.

ನಿಯಮಗಳು ಕೇಳಿದ್ರೆ ನಿಮಗೆ ಹಾಸ್ಟೆಲ್ ನೆನಪಾಗುತ್ತೆ. ಬೆಳಗ್ಗೆ 6:30ಕ್ಕೆ ಏಳಬೇಕು, ರಾತ್ರಿ 10:30ಕ್ಕೆ ಮಲಗಬೇಕು. ಸಿನಿಮಾ ಇಲ್ಲ, ಗರ್ಲ್‌ಫ್ರೆಂಡ್ ಇಲ್ಲ. ಜೊತೆಗಾರನನ್ನ ಬಿಟ್ಟು ಒಬ್ಬನೇ ಎಲ್ಲೂ ಹೋಗೋ ಹಾಗಿಲ್ಲ. ಕಾಫಿ, ಟೀ ಎರಡೂ ಇಲ್ಲ. ಇದು ಮಿಷನ್ನಿಗೆ ಮಾತ್ರ ಅಲ್ಲ, ಜೀವನಪೂರ್ತಿ. ದೆಹಲಿಯಲ್ಲಿ ಯಾರ ಮನೆಗೆ ಹೋದರೂ ಕೂರೋಕೆ ಮುಂಚೆ ಚಾಯ್ ಬರುತ್ತೆ. ಬೇಡ ಅಂದ್ರೆ ಅವರ ಮುಖ ಸಣ್ಣದಾಗುತ್ತೆ. ಬಿಸಿನೀರು ಕೊಡಿ ಅಂತ ಹಿಂದಿಯಲ್ಲಿ ಮರ್ಯಾದೆಯಾಗಿ ಕೇಳೋದನ್ನೇ ನಾನು ಮೊದಲು ಕಲಿತದ್ದು.

ಇನ್ನೊಂದು ವಿಷಯ. ಮನೆ ಮನೆ ಬಾಗಿಲು ತಟ್ಟೋದನ್ನ ನೀವು ಇಂಗ್ಲಿಷ್ ಸಿನಿಮಾಗಳಲ್ಲಿ ನೋಡಿರ್ತೀರಿ. ನಾವು ಹಾಗೆ ಮಾಡ್ತಿರಲಿಲ್ಲ. ಯಾರಾದ್ರೂ ಕರೆದ್ರೆ ಮಾತ್ರ ಹೋಗ್ತಿದ್ವಿ.

ವಾರ ಶುರುವಾಗೋದು ಸೋಮವಾರ. ಅವತ್ತು ಬಟ್ಟೆ ಒಗೆಯೋದು, ಕಟಿಂಗ್ ಮಾಡಿಸೋದು, ತರಕಾರಿ ತರೋದು, ಮನೆಗೆ ಫೋನ್ ಮಾಡೋದು. 2019ರವರೆಗೆ ಮಿಷನರಿಗಳು ಮನೆಯವರ ಜೊತೆ ಫೋನಲ್ಲಿ ಮಾತಾಡೋದು ವರ್ಷಕ್ಕೆ ಎರಡೇ ಸಲ ಇತ್ತು, ಕ್ರಿಸ್ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. ನಾನು ಹೋಗೋ ಹೊತ್ತಿಗೆ ವಾರಕ್ಕೊಂದು ಸಲ ಮಾತಾಡಬಹುದಿತ್ತು. ನಮ್ಮಮ್ಮ ಪ್ರತಿ ಸೋಮವಾರ ಕೇಳ್ತಿದ್ದದ್ದು ಎರಡೇ: 'ಊಟ ಏನು ಮಾಡ್ದೆ?' 'ಸ್ವೆಟರ್ ಹಾಕ್ಕೊಂಡಿದ್ದೀಯಾ?'

ಮಂಗಳವಾರದಿಂದ ಪಾಠಗಳು. ಒಬ್ಬ ಹುಡುಗ ಇದ್ದ, ಬಿಹಾರದವನು, ಎಸ್‌ಎಸ್‌ಸಿ ಪರೀಕ್ಷೆಗೆ ಓದ್ತಿದ್ದ. ಎರಡು ಸಲ ಪಾಸಾಗಿರಲಿಲ್ಲ. ನಮ್ಮ ಹತ್ರ ಪ್ರಾರ್ಥನೆ ಬಗ್ಗೆ ಕೇಳೋಕೆ ಬಂದೋನು, ಅರ್ಧ ಗಂಟೆ ಕಟ್ ಆಫ್ ಮಾರ್ಕ್ಸ್ ಬಗ್ಗೆನೇ ಮಾತಾಡ್ತಿದ್ದ. ಊರಲ್ಲಿ ಅಪ್ಪ ಸಾಲ ಮಾಡಿ ಕೋಚಿಂಗ್ ಫೀಸ್ ಕಟ್ಟಿದ್ರು. ಅದನ್ನ ಬೇರೆ ಯಾರ ಹತ್ರಾನೂ ಹೇಳೋಕಾಗ್ತಿಲ್ಲ ಅಂತಿದ್ದ. ನನಗೂ ಅವನಿಗೂ ಒಂದೇ ವಯಸ್ಸು.

ಭಾನುವಾರ ರಾತ್ರಿ ಲೆಕ್ಕ. ಈ ವಾರ ಹೊಸಬರು ಎಷ್ಟು ಜನ ಪಾಠಕ್ಕೆ ಸಿಕ್ಕರು, ಎಷ್ಟು ಜನ ಭಾನುವಾರದ ಆರಾಧನೆಗೆ ಬಂದರು, ಯಾರಾದ್ರೂ ದೀಕ್ಷಾಸ್ನಾನಕ್ಕೆ ದಿನ ಗೊತ್ತು ಮಾಡ್ಕೊಂಡ್ರಾ ಅಂತ ಫೋನಿನಲ್ಲೇ ವರದಿ ಕೊಡಬೇಕು. ಇದೊಂದು ದೊಡ್ಡ ವ್ಯವಸ್ಥೆ, ಪ್ರಪಂಚದಾದ್ಯಂತ ಸಾವಿರಾರು ಹುಡುಗ ಹುಡುಗಿಯರು ಇದರಲ್ಲಿದ್ದಾರೆ, ಲೆಕ್ಕ ಬೇಕಾಗುತ್ತೆ, ಒಪ್ತೀನಿ. ಆದ್ರೆ ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಆ ಲೆಕ್ಕದಲ್ಲಿ ಒಂದು ವಾರವೂ ಬಾರದ ಒಬ್ಬರ ಬಗ್ಗೆ.

ದ್ವಾರಕಾದ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ಸಭೆಯ ಒಬ್ಬ ದೀದಿ ಇದ್ರು. ಒಂದಿನ ಫೋನ್ ಮಾಡಿ, 'ಮೇಲಿನ ಮನೆಯಲ್ಲಿ ನಿಮ್ಮ ಕಡೆಯ ಆಂಟಿ ಒಬ್ಬರಿದ್ದಾರೆ, ಅವರ ಗಂಡ ತೀರಿಹೋಗಿ ಐದು ತಿಂಗಳಾಯ್ತು, ಮಗ ಕೆನಡಾದಲ್ಲಿ. ಕನ್ನಡದ ಹುಡುಗ ಇದ್ದಾನೆ ಅಂದೆ, ಕರ್ಕೊಂಡು ಬಾ ಅಂದ್ರು' ಅಂದ್ರು. ನಾವು ಹುಡುಗರು ಒಂಟಿ ಹೆಂಗಸರ ಮನೆಗೆ ನಾವಿಬ್ಬರೇ ಹೋಗೋ ಹಾಗಿಲ್ಲ, ಜೊತೆಗೆ ಇನ್ನೊಬ್ಬ ಹೆಂಗಸು ಇರಬೇಕು. ಹಾಗಾಗಿ ಪ್ರತಿ ಗುರುವಾರ ಸಂಜೆ ದೀದಿ ಅಡುಗೆ ಅರ್ಧಕ್ಕೆ ಬಿಟ್ಟು ನಮ್ಮ ಜೊತೆ ಲಿಫ್ಟ್ ಹತ್ತೋರು. ಕನ್ನಡ ಒಂದಕ್ಷರ ಬರದಿದ್ರೂ ಒಂದು ಗಂಟೆ ಕೂರೋರು. ಈ ಕಥೆಯಲ್ಲಿ ನನಗಿಂತ ದೊಡ್ಡ ಕೆಲಸ ಅವರದ್ದೇ.

ಆಂಟಿ ಮೈಸೂರಿನವರು. ಬಾಗಿಲು ತೆಗೆದ ತಕ್ಷಣ ನನ್ನ ಟ್ಯಾಗ್ ನೋಡಿ, 'ಏನಪ್ಪಾ, ನನ್ನ ಜಾತಿ ಕೆಡಿಸೋಕೆ ಬಂದಿದ್ದೀಯಾ?' ಅಂದ್ರು. ನಾನು, 'ಇಲ್ಲ ಆಂಟಿ, ಕನ್ನಡ ಮಾತಾಡೋಕೆ ಬಂದಿದ್ದೀನಿ, ಎರಡು ತಿಂಗಳಾಯ್ತು ಮಾತಾಡಿ' ಅಂದೆ. 'ಬಾ ಹಾಗಾದ್ರೆ' ಅಂದ್ರು.

ಅವರ ಅಡುಗೆಮನೆಯಲ್ಲಿ ಒಂದು ಹಿತ್ತಾಳೆ ಫಿಲ್ಟರ್ ಇತ್ತು. ಮದುವೆಯಾದಾಗಿನಿಂದ ಎರಡು ಲೋಟಕ್ಕೆ ಡಿಕಾಕ್ಷನ್ ಹಾಕಿ ಅವರಿಗೆ ಅಭ್ಯಾಸ. ಯಜಮಾನ್ರು ಹೋದ ಮೇಲೂ ಕೈ ಎರಡು ಲೋಟಕ್ಕೇ ಪುಡಿ ಹಾಕುತ್ತೆ. ಒಂದು ಕುಡೀತಾರೆ, ಇನ್ನೊಂದು ಸಿಂಕಿಗೆ ಚೆಲ್ಲಿ ಬಿಡ್ತಾರೆ. ಇದನ್ನ ಅವರು ಅಳ್ತಾ ಹೇಳಲಿಲ್ಲ, ಹಾಲಿನ ರೇಟು ಹೇಳೋ ಹಾಗೆ ಹೇಳಿದ್ರು. ಹೇಳಿ, ಎರಡನೇ ಲೋಟ ನನ್ನ ಮುಂದೆ ಇಟ್ರು.

ಈಗ ಏನು ಮಾಡೋದು? ಕುಡಿದ್ರೆ ನಾನು ನಂಬಿದ್ದನ್ನ ಬಿಟ್ಟಂಗೆ. ಬೇಡ ಅಂದ್ರೆ, ಆ ಲೋಟಾನೂ ಸಿಂಕಿಗೆ. ನನ್ನ ಜೊತೆಗಾರ ರಾಜಮಂಡ್ರಿಯ ಹುಡುಗ, ಅವನು ನನ್ನ ಮುಖ ನೋಡಿದ, ನಾನು ಲೋಟ ನೋಡಿದೆ. ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ, 'ಆಂಟಿ, ನಮ್ಮಲ್ಲಿ ಕಾಫಿ ಕುಡಿಯಲ್ಲ.' ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. 'ಕುಡೀಬೇಡ ಬಿಡು. ಕೈಯಲ್ಲಿ ಹಿಡ್ಕೊ. ಬೆಚ್ಚಗಾಗುತ್ತೆ' ಅಂದ್ರು. ಜನವರಿ ತಿಂಗಳು, ಹೊರಗಡೆ ಮಂಜು. ಕಾಫಿ ಆರೋವರೆಗೂ ಹಿಡ್ಕೊಂಡಿದ್ದೆ. ಮುಂದಿನ ಗುರುವಾರದಿಂದ ನಮಗೆ ಜೀರಿಗೆ ಕಷಾಯ ಮಾಡಿಟ್ಟಿರ್ತಿದ್ರು, ಆದ್ರೂ ಕಾಫಿ ಲೋಟವೊಂದು ನನ್ನ ಕೈಗೆ ಬರ್ತಿತ್ತು.

ಮೂರನೇ ವಾರವೋ ನಾಲ್ಕನೇ ವಾರವೋ ಕೇಳಿಬಿಟ್ರು, 'ನಿಮ್ಮ ಪ್ರಕಾರ ನಮ್ಮ ಯಜಮಾನ್ರು ಈಗ ಎಲ್ಲಿದ್ದಾರೆ?' ನೋಡಿ, ಈ ಪ್ರಶ್ನೆಗೆ ನಮ್ಮ ಹತ್ರ ಸಿದ್ಧ ಪಾಠ ಇದೆ. ಸತ್ತ ಮೇಲೂ ಕುಟುಂಬ ಒಟ್ಟಿಗೆ ಇರುತ್ತೆ ಅನ್ನೋದು ನಮ್ಮ ನಂಬಿಕೆಯ ನಡುಮನೆ. ಗಂಡ ಹೆಂಡತಿ ಸಂಬಂಧ ಸಾವಿಗೆ ಮುಗಿಯಲ್ಲ ಅಂತ ದೇವಾಲಯದಲ್ಲಿ ಅದಕ್ಕೊಂದು ವಿಧಿಯೇ ಇದೆ. ಚಿತ್ರ ಬರೆದು ತೋರಿಸೋಕೂ ಕಲಿತಿದ್ದೆ. ಆದ್ರೆ ಅವರು ಗಂಡನ ವೈಕುಂಠ ಸಮಾರಾಧನೆ ಮಾಡಿ ಮುಗಿಸಿದ್ದವರು, ಅವರಿಗೆ ಅವರದ್ದೇ ಉತ್ತರ ಇತ್ತು. 'ನಾನು ನಂಬೋದು ಹೇಳ್ತೀನಿ, ನಿಮ್ಮದು ನಿಮಗೆ ಇರಲಿ' ಅಂತ ಹೇಳಿ ಎರಡು ಮಾತಲ್ಲಿ ಹೇಳಿದೆ. ಒಂದು ಕಡೆ ಇದ್ದಾರೆ, ನಿಮಗೆ ಮತ್ತೆ ಸಿಗ್ತಾರೆ ಅಂದೆ. ಅವರು ಯೋಚನೆ ಮಾಡಿ ಕೇಳಿದ್ರು, 'ಅಲ್ಲೂ ಕಾಫಿ ಕೊಡಲ್ವಾ?'

ನಾನು ನಕ್ಕೆ. ಅವರೂ ನಕ್ಕರು, ನಕ್ಕು ನಕ್ಕು ಕಣ್ಣೀರು ಬಂತು, ಆಮೇಲೆ ನಿಜವಾಗ್ಲೂ ಅತ್ತರು. ದೀದಿಗೆ ಏನೂ ಅರ್ಥ ಆಗಿರಲಿಲ್ಲ, ಸುಮ್ಮನೆ ಎದ್ದು ಹೋಗಿ ಪಕ್ಕ ಕೂತು ಕೈ ಹಿಡ್ಕೊಂಡ್ರು.

ಆ ಭಾನುವಾರ ವರದಿ ಕೊಡುವಾಗ ನಮ್ಮ ಗುಂಪಿನ ಮುಂದಾಳು, ಅವನೂ 20 ವರ್ಷದವನೇ, ಕೇಳಿದ: 'ಗುರುವಾರದ ಆಂಟಿ ಮುಂದೆ ಹೋಗ್ತಿದ್ದಾರಾ?' ಅಂದ್ರೆ ಸಭೆಗೆ ಹತ್ತಿರ ಆಗ್ತಿದ್ದಾರಾ ಅಂತ. ಇಲ್ಲ ಅಂದೆ. ಆ ಗಂಟೆಯನ್ನ ಕಲಿಯೋಕೆ ಸಿದ್ಧ ಇರೋರಿಗೆ ಕೊಡಬಹುದಲ್ವಾ ಅಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ, ಅವನ ಕೆಲಸ ಅದು. ನನ್ನ ಜೊತೆಗಾರನಿಗೂ ಹಾಗೇ ಅನಿಸಿತ್ತು. ಆ ರಾತ್ರಿ ನಾವಿಬ್ಬರೂ ತುಂಬಾ ಹೊತ್ತು ವಾದ ಮಾಡಿದ್ವಿ. ನನ್ನ ವಾದ ಇಷ್ಟೇ ಇತ್ತು: ಸಮಾಧಾನ ಮಾಡೋಕೆ ಹೋದವನು ಬದಲಿಗೆ ಏನಾದ್ರೂ ಸಿಗುತ್ತೆ ಅಂತ ಕಾಯ್ತಿದ್ರೆ, ಅದು ಎದುರಿಗಿರೋರಿಗೆ ಗೊತ್ತಾಗಿಬಿಡುತ್ತೆ. ಸೋಮವಾರ ಮಿಷನ್ ಅಧ್ಯಕ್ಷರಿಗೆ ಬರೆಯೋ ಪತ್ರದಲ್ಲಿ ಇದನ್ನೇ ಬರೆದೆ. ಅವರು ಕರೆಯೋವರೆಗೂ ಹೋಗಿ ಅಂತ ಉತ್ತರ ಬಂತು.

ಆದ್ರೆ ನಮಗೆ ಆರು ವಾರಕ್ಕೊಂದು ಸಲ ಟ್ರಾನ್ಸ್‌ಫರ್ ಪಟ್ಟಿ ಬರುತ್ತೆ. ಫೆಬ್ರವರಿಯಲ್ಲಿ ನನ್ನ ಹೆಸರು ಬಂತು, ದೆಹಲಿಯ ಇನ್ನೊಂದು ತುದಿಗೆ. ಈ ಕೆಲಸದಲ್ಲಿ ನನಗೆ ಇವತ್ತಿಗೂ ಒಪ್ಪಿಗೆಯಾಗದೇ ಇರೋದು ಇದೊಂದೇ. ಗಂಡನ್ನ ಕಳ್ಕೊಂಡೋರ ಮುಂದೆ ಕೂತು, 'ಆಂಟಿ, ಮುಂದಿನ ವಾರದಿಂದ ನಾನು ಬರಲ್ಲ' ಅಂತ ಹೇಳಬೇಕು. ಹೇಳಿದೆ. 'ಎಲ್ಲರೂ ಹೋಗೋರೇ ಕಣೋ' ಅಂದ್ರು. ಒಂದು ಡಬ್ಬದಲ್ಲಿ ಚಟ್ನಿಪುಡಿ ಹಾಕಿಕೊಟ್ರು.

ಬಿಟ್ಟುಹೋಗಬಾರದು ಅಂತ ವಾದ ಮಾಡಿದ್ದೋನು ಹೊರಟೆ, ಬಿಡೋಣ ಅಂದಿದ್ದ ರಾಜಮಂಡ್ರಿಯವನು ಅಲ್ಲೇ ಉಳಿದ. ಉಳಿದೋನು ಪ್ರತಿ ಗುರುವಾರ ಹೋಗ್ತಾನೇ ಇದ್ದ. ಏಪ್ರಿಲ್‌ನಲ್ಲಿ ಫೋನ್ ಮಾಡಿ ಕನ್ನಡದಲ್ಲಿ 'ಊಟ ಆಯ್ತಾ?' ಅಂತ ಶುರು ಮಾಡಿದ. ಎರಡನೇ ಲೋಟ ಈಗ ಕೆಳಗಡೆ ಗೇಟಿನ ಗಾರ್ಡ್‌ಗೆ ಹೋಗುತ್ತಂತೆ. ಅವನು ಹರಿಯಾಣದವನು, ಕಹಿ ಜಾಸ್ತಿ ಅಂತ ಮೂರು ಚಮಚ ಸಕ್ಕರೆ ಹಾಕಿಸ್ಕೋತಾನಂತೆ, ಅದಕ್ಕೆ ಆಂಟಿಗೆ ಭಾರಿ ಸಿಟ್ಟಂತೆ.

ಎಲ್ಲರೂ ಕೊನೆಗೆ ಕೇಳ್ತಾರೆ, ಆಂಟಿ ನಿಮ್ಮ ಸಭೆಗೆ ಸೇರಿದ್ರಾ ಅಂತ. ಇಲ್ಲ. ಕಳೆದ ದಸರಾಕ್ಕೆ ಮೈಸೂರಿಗೆ ಬಂದಿದ್ರು, ನಾನೂ ನಮ್ಮಮ್ಮನೂ ಹೋಗಿ ನೋಡ್ಕೊಂಡು ಬಂದ್ವಿ. ಅಮ್ಮನ ಹತ್ರ ಅವರು ಹೇಳಿದ ಮೊದಲ ಮಾತು, 'ನಿಮ್ಮ ಮಗ ಸ್ವೆಟರ್ ಹಾಕ್ಕೊಳ್ತಾನೇ ಇರಲಿಲ್ಲ ನೋಡಿ.'