ಬನ್ನಿಯ ಮುಳ್ಳು

ವಿಜಯದಶಮಿಗೆ ಕನಕದುರ್ಗೆಯ ದರ್ಶನಕ್ಕೆಂದು ವಿಜಯವಾಡಕ್ಕೆ ಹೋದ ಕನ್ನಡಿಗರಿಗೆ ಅಲ್ಲಿನ ಜಮ್ಮಿ ಪೂಜೆ ಹೊಸದೆನಿಸುವುದಿಲ್ಲ. ಅದು ನಮ್ಮ ಬನ್ನಿಯೇ. ಪಾಂಡವರು ಆಯುಧ ಬಚ್ಚಿಟ್ಟ ಶಮೀವೃಕ್ಷ. ವಿಶಾಖಪಟ್ಟಣದ ಕಡೆಯವರೂ ಅಷ್ಟೇ, ಚೀಟಿಯಲ್ಲಿ ಶ್ಲೋಕ ಬರೆದು, ಕೆಳಗೆ ಮನೆಮಂದಿಯ ಹೆಸರು ಸೇರಿಸಿ, ಕೊಂಬೆಗೆ ಸಿಕ್ಕಿಸುತ್ತಾರೆ. ಆ ಗಡಿಬಿಡಿಯಲ್ಲಿ ಬೆರಳಿಗೆ ಮುಳ್ಳು ಚುಚ್ಚಿಸಿಕೊಳ್ಳದವರು ಕಡಿಮೆ. ಉತ್ತರ ಕರ್ನಾಟಕದಲ್ಲಿ ನಾವು ಎಲೆ ಹಂಚಿ, ಬಂಗಾರದ್ಹಂಗ ಇರೋಣ ಅನ್ನುತ್ತೇವೆ.

ಪೂಜೆ ಒಂದು ದಿನದ್ದು, ಉಪಯೋಗ ವರ್ಷವಿಡೀ. ಸೊಪ್ಪು ಆಡು ಕುರಿಗಳಿಗೆ ಮೇವು, ಎಳೆಗಾಯಿ ರಾಜಸ್ಥಾನದಲ್ಲಿ ಪಲ್ಯ, ಕಟ್ಟಿಗೆ ಒಲೆಗೂ ಹೋಮಕ್ಕೂ. ಬೇರು ಬಹಳ ಆಳಕ್ಕಿಳಿಯುವುದರಿಂದ ಬೆಳೆಯ ನೀರಿಗೆ ಅಷ್ಟಾಗಿ ಪೈಪೋಟಿಯಿಲ್ಲ. ಹಾಗಾಗಿ ಒಣಭೂಮಿಯ ರೈತ ಹೊಲದ ನಡುವೆಯೇ ಅದನ್ನು ಬಿಟ್ಟುಕೊಳ್ಳುತ್ತಾನೆ. 1730ರಲ್ಲಿ ಜೋಧಪುರದ ಬಳಿ ಖೇಜಡ್ಲಿಯಲ್ಲಿ ಅಮೃತಾದೇವಿ ಸೇರಿ ಬಿಷ್ಣೋಯಿ ಸಮುದಾಯದ 363 ಮಂದಿ ಪ್ರಾಣ ಕೊಟ್ಟದ್ದು ಇದೇ ಮರವನ್ನು ಕಡಿಯದಂತೆ ಉಳಿಸಲು.

ಇದರ ಪರದೇಶಿ ದಾಯಾದಿ ಬಳ್ಳಾರಿ ಜಾಲಿ, ತೆಲುಗರ ಸರ್ಕಾರು ತುಮ್ಮ. 19ನೇ ಶತಮಾನದಲ್ಲಿ ತಂದದ್ದು, ಈಗ ಕೆರೆಯಂಗಳಗಳನ್ನೇ ನುಂಗಿದೆ. 2022ರಲ್ಲಿ ಸಸ್ಯವಿಜ್ಞಾನಿಗಳು ಅದನ್ನು ಬನ್ನಿಯ ಕುಲದಿಂದ ಬೇರೆ ಮಾಡಿದರು. ಪಾಲಾದದ್ದು ಒಳ್ಳೆಯದೇ ಆಯಿತು ಅನ್ನಿ! ಆದರೂ ಇದ್ದಿಲು ಸುಡುವ ಎಷ್ಟೋ ಸಂಸಾರಗಳ ಹೊಟ್ಟೆ ತುಂಬಿಸುತ್ತಿರುವುದು ಆ ಜಾಲಿಯೇ.