ಕಾಟಕಾಯಿಯೆಂಬ ಹೆಸರು



‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಮಾತನ್ನು ನಮ್ಮ ಹಿರಿಯರು ಕೊಳ್ಳೆಯ ಅರ್ಥದಲ್ಲಿ ಆಡುತ್ತಿದ್ದುದನ್ನು ಬಂಟವಾಳ, ಬೆಳ್ತಂಗಡಿ, ಮೂಡಬಿದರೆಗಳ ನೀವು ಕೇಳಿರಬಹುದು. ಆ ಕೊಳ್ಳೆಗಾರರು ಯಾರು? ನೇಗಿಲು ಹಿಡಿದ ನಮ್ಮವರೇ.

1830-31ರಲ್ಲಿ ಕಂದಾಯದ ಭಾರವನ್ನು ತಾಳಲಾರದೆ ಕನ್ನಡ ಜಿಲ್ಲೆಯ ರೈತರು ಕೂಟಗಳನ್ನು ಸೇರಿಸಿ, ಆಯುಧವನ್ನೆತ್ತದೆ, ತೆರಿಗೆ ಕೊಡಲೊಲ್ಲೆವೆಂದರು. ಅಸಮಾಧಾನದ ಬೇರು ಮಾತ್ರ ಉಳಿಯಿತು. 1834ರಲ್ಲಿ ಕೊಡಗನ್ನು ನುಂಗಿದ ಕುಂಪಣಿಯವರು ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಈ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ತೆರಿಗೆಯನ್ನು ನಾಣ್ಯದಲ್ಲಿ ಸಲ್ಲಿಸಬೇಕಾಯಿತು. ನಾಣ್ಯಕ್ಕಾಗಿ ರೈತನು ಸಾಹುಕಾರನು ಹೇಳಿದ ಬೆಲೆಗೆ ಬತ್ತವನ್ನು ಮಾರಬೇಕಾಯಿತು.

1837ರಲ್ಲಿ ಪುಟ್ಟಬಸಪ್ಪನು ಕಲ್ಯಾಣಸ್ವಾಮಿಯೆಂಬ ಹೆಸರಿನಿಂದ ಮುಂದಾಳಾದನು. ಕೆದಂಬಾಡಿ ರಾಮಯ್ಯ ಗೌಡರೂ ಗುಡ್ಡೆಮನೆ ಅಪ್ಪಯ್ಯ ಗೌಡರೂ ಜತೆಗೂಡಿದರು. ದಂಡು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು ಬಂಟವಾಳಗಳನ್ನು ದಾಟಿ, ಎಪ್ರಿಲ್ 5ರಂದು ಮಂಗಳೂರನ್ನು ಸೇರಿತು. ಬೆಳ್ತಂಗಡಿ ಸೀಮೆಯ ಬಂಗಾಡಿಯನ್ನು ಮೂಲಸ್ಥಾನವಾಗುಳ್ಳ ಬಂಗರ ವಂಶದ, ನಂದಾವರದ ಲಕ್ಷ್ಮಪ್ಪ ಬಂಗರಸರೂ ಅವರೊಡಗೂಡಿದರು. ಹದಿಮೂರು ದಿನ ಬಾವುಟಗುಡ್ಡದ ಮೇಲೆ ಕುಂಪಣಿಯ ಬಾವುಟವು ಹಾರಲಿಲ್ಲ.

ಕಣ್ಣಾನೂರಿನ ಕಡೆಯಿಂದ ಸೈನ್ಯ ಬಂತು. ಬಿಕರ್ನಕಟ್ಟೆಯಲ್ಲಿ ಪುಟ್ಟಬಸಪ್ಪನನ್ನೂ ಬಂಗರಸರನ್ನೂ, ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರನ್ನೂ ಗಲ್ಲಿಗೇರಿಸಿದರು. ಅನೇಕರನ್ನು ಕಡಲಾಚೆಗೆ ಗಡೀಪಾರು ಮಾಡಿದರು. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಚಿನ್ನದ, ಬೆಳ್ಳಿಯ ಪದಕಗಳು ದೊರೆತವು. ನಮ್ಮವರೇ ನಮ್ಮವರ ಮೇಲೆ ಕೈಯೆತ್ತುವಂತಾದುದು ಆ ಸೋಲಿನ ಅತ್ಯಂತ ಕಹಿಯಾದ ಭಾಗವು.

ದಂಗೆಯಲ್ಲಿ ಕಚೇರಿಗೆ ಬೆಂಕಿ ಬಿತ್ತು, ಸುಲಿಗೆಯೂ ನಡೆಯಿತು. ಅದನ್ನು ಮುಚ್ಚಿಡುವುದು ಬೇಡ. ಆದರೆ ಬತ್ತಕ್ಕೆ ಬೆಲೆಯಿಲ್ಲದ ಕಾಲದಲ್ಲಿ ಬೆಳ್ಳಿಯ ನಾಣ್ಯವನ್ನು ಕೇಳಿದವರ ಸುಲಿಗೆಗೆ ನಾವು ಯಾವ ಹೆಸರನ್ನಿಟ್ಟೆವು? ‘ಕಂದಾಯ’ವೆಂದೆವು. ಬಡವನದು ಕಾಟಕಾಯಿ, ಸರಕಾರದ್ದು ಕಾಯಿದೆ! ಇದು ಆಳುವವರ ಕಣ್ಣಿನಿಂದ ನಮ್ಮನ್ನು ನಾವೇ ನೋಡಿದುದರ ಫಲ.

1956ರ ನವೆಂಬರ್ 1ರಂದು ಸುಳ್ಯ, ಮಂಗಳೂರು, ಮಡಿಕೇರಿಗಳು ಒಂದೇ ರಾಜ್ಯದಲ್ಲಿ ಕೂಡಿದವು. 2022ರಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ವಿಗ್ರಹವೂ ನಿಂತಿತು. ಆದರೆ ವಿಗ್ರಹವು ಪಾಠ ಹೇಳಲಾರದು. ಆದುದರಿಂದ ಇಲ್ಲಿ ನೆರೆದಿರುವ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಮಕ್ಕಳು ‘ಕಾಟಕಾಯಿ’ಯೆಂದರೇನೆಂದು ಕೇಳಿದರೆ, ಮೊದಲು ಬತ್ತದ ಬೆಲೆಯನ್ನು ಹೇಳಿರಿ, ಆಮೇಲೆ ಬಿಕರ್ನಕಟ್ಟೆಯನ್ನು ತೋರಿಸಿರಿ.